ಎಂಬ್ರಾಯ್ಡರಿ ಬ್ಲೌಸ್‌ಗೆ ಬೆಲೆ ಹೇಳುವ ಮುಂಚೆ ಮಾಡಬೇಕಾದ ಲೆಕ್ಕ

ಬೆಂಗಳೂರಿನ ಬಡಾವಣೆಗಳಲ್ಲಿ ಈಗ ಆರಿ ವರ್ಕ್ (ಕೊಕ್ಕೆ ಸೂಜಿಯಿಂದ ಮಾಡುವ ಕೈ ಎಂಬ್ರಾಯ್ಡರಿ) ಬೋರ್ಡು ಕಾಣದ ರಸ್ತೆ ಕಡಿಮೆ. ಕೆಲವು ತಿಂಗಳು ಕ್ಲಾಸಿಗೆ ಹೋಗಿ ಕಲಿತವರು ಮನೆಯ ಮುಂದಿನ ಕೋಣೆಯಲ್ಲೇ ಫ್ರೇಮ್ ಹಾಕಿಕೊಂಡು ಕೆಲಸ ಶುರು ಮಾಡಿದ್ದಾರೆ. ಕ್ಲಾಸಿನಲ್ಲಿ ಚೈನ್ ಸ್ಟಿಚ್ ಹೇಳಿಕೊಡುತ್ತಾರೆ. ಮಣಿ, ಕಟ್‌ದಾನ (ಕೊಳವೆಯಂಥ ಚಿಕ್ಕ ಗಾಜಿನ ಮಣಿ), ಜರ್ದೋಸಿ (ಸುರುಳಿ ಸುತ್ತಿದ ಜರಿ ತಂತಿ) ಕೂರಿಸುವುದನ್ನು ಹೇಳಿಕೊಡುತ್ತಾರೆ. ಮೊದಲನೇ ಗಿರಾಕಿ ಬ್ಲೌಸ್ ಬಟ್ಟೆ ಹಿಡಿದು ಬಾಗಿಲಿಗೆ ಬಂದು “ಅಕ್ಕ, ಇದಕ್ಕೆ ಎಷ್ಟಾಗತ್ತೆ?” ಅಂತ ಕೇಳಿದಾಗ ಏನು ಹೇಳಬೇಕು ಅನ್ನುವುದನ್ನು ಮಾತ್ರ ಹೇಳಿಕೊಟ್ಟಿರುವುದಿಲ್ಲ.

ಹಾಗಾಗಿ ಬಹಳ ಜನ ಪಕ್ಕದ ರಸ್ತೆಯವರು ಎಷ್ಟು ತಗೊಳ್ತಾರೆ ಅಂತ ವಿಚಾರಿಸುತ್ತಾರೆ. ಅದಕ್ಕಿಂತ ನೂರು ಇನ್ನೂರು ಕಡಿಮೆ ಹೇಳುತ್ತಾರೆ. ಪಕ್ಕದ ರಸ್ತೆಯವರೂ ಇನ್ಯಾರದೋ ಬೆಲೆ ನೋಡಿಯೇ ಹೇಳಿರುತ್ತಾರೆ. ಒಬ್ಬರನ್ನು ನೋಡಿ ಇನ್ನೊಬ್ಬರು ಹೇಳುತ್ತಾ ಹೋದರೆ ಆ ಸಾಲಿನಲ್ಲಿ ಯಾರಾದರೂ ಲೆಕ್ಕ ಹಾಕಿದ್ದರೋ ಇಲ್ಲವೋ ಗೊತ್ತಾಗುವುದೇ ಇಲ್ಲ.

ಆ ಲೆಕ್ಕವನ್ನು ಇಲ್ಲಿ ಮೊದಲಿಂದ ಹಾಕಿ ನೋಡೋಣ. ಇದರಲ್ಲಿ ಬರುವ ಬೆಲೆ, ಬಾಡಿಗೆ, ಗಂಟೆಗಳೆಲ್ಲ ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು. ನಿಮ್ಮ ಮನೆಯ ಅಂಕಿ ಬೇರೆ ಇರುತ್ತದೆ. ಅದನ್ನು ಇದೇ ಜಾಗದಲ್ಲಿ ಹಾಕಿಕೊಂಡರೆ ನಿಮ್ಮ ಬೆಲೆ ಸಿಗುತ್ತದೆ.

ಒಂದು ಪ್ಲೇಟ್ ಇಡ್ಲಿಯ ಬೆಲೆಯಲ್ಲಿ ಏನೇನಿದೆ?

ದರ್ಶಿನಿಗೆ ಹೋಗಿ ಒಂದು ಪ್ಲೇಟ್ ಇಡ್ಲಿ ತಗೊಳ್ಳುತ್ತೇವೆ. ಆ ದುಡ್ಡಿನಲ್ಲಿ ಅಕ್ಕಿ, ಉದ್ದು, ತೆಂಗಿನಕಾಯಿ ಇದೆ. ಅದು ಸಾಮಾನಿನ ಖರ್ಚು. ಅಂಗಡಿ ಬಾಡಿಗೆ, ಗ್ಯಾಸ್, ಕರೆಂಟು, ತಟ್ಟೆ ತೊಳೆಯುವ ನೀರು ಇದೆ. ಇವು ಒಂದು ಪ್ಲೇಟ್ ಮಾರಿದರೂ ಸಾವಿರ ಪ್ಲೇಟ್ ಮಾರಿದರೂ ಇದ್ದೇ ಇರುವ ಖರ್ಚು. ಇದನ್ನು ಮೇಲ್ಖರ್ಚು ಅನ್ನೋಣ. ಹಿಟ್ಟು ರುಬ್ಬಿ ಇಡ್ಲಿ ಬೇಯಿಸಿದವರ ಸಂಬಳ ಇದೆ. ಅದು ಕೂಲಿ. ಇದೆಲ್ಲ ಕಳೆದ ಮೇಲೆ ಮಾಲೀಕರಿಗೆ ಉಳಿಯುವುದು ಲಾಭ.

ಮನೆಯಲ್ಲಿ ಎಂಬ್ರಾಯ್ಡರಿ ಮಾಡುವವರು ಅಡುಗೆಯವರೂ ಅವರೇ, ಮಾಲೀಕರೂ ಅವರೇ. ಅದಕ್ಕೇ ಕೂಲಿ ಮತ್ತು ಲಾಭ ಒಂದೇ ಅನ್ನಿಸಿಬಿಡುತ್ತದೆ. “ಸಾಮಾನು ಕಳೆದು ಸಾವಿರ ಉಳೀತು, ಒಳ್ಳೇ ಲಾಭ” ಅಂತ ಸಂತೋಷಪಡುತ್ತೇವೆ. ಆ ಸಾವಿರ ಹೆಚ್ಚಿನ ಸಲ ಕೂಲಿ ಆಗಿರುತ್ತದೆ. ಎಷ್ಟೋ ಸಲ ಪೂರ್ತಿ ಕೂಲಿಯೂ ಆಗಿರುವುದಿಲ್ಲ.

ಸಾಮಾನಿನ ಲೆಕ್ಕಕ್ಕೆ ಒಂದು ತಕ್ಕಡಿ

ಚಿಕ್ಕಪೇಟೆಗೋ ಅವೆನ್ಯೂ ರಸ್ತೆಗೋ ಹೋಗಿ ತರುವ ಮಣಿ, ಚಮಕಿ, ಜರಿ ದಾರ ಪ್ಯಾಕೆಟ್ ಲೆಕ್ಕದಲ್ಲಿ, ರೀಲ್ ಲೆಕ್ಕದಲ್ಲಿ ಸಿಗುತ್ತವೆ. ಒಂದು ಬ್ಲೌಸ್‌ಗೆ ಪೂರ್ತಿ ಪ್ಯಾಕೆಟ್ ಹಿಡಿಯುವುದಿಲ್ಲ. ಉಳಿದದ್ದು ಡಬ್ಬಿ ಸೇರುತ್ತದೆ. ಮುಂದಿನ ಬ್ಲೌಸ್‌ಗೆ ಅದನ್ನು ಬಳಸಿದಾಗ ಅದು ಪುಕ್ಕಟೆ ಸಿಕ್ಕ ಹಾಗೆ ಅನ್ನಿಸುತ್ತದೆ.

ಇದಕ್ಕೆ ಸುಲಭದ ಉಪಾಯ ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ. ಕೆಲಸ ಶುರು ಮಾಡುವ ಮುಂಚೆ ಪ್ಯಾಕೆಟ್ ತೂಗಿ. ಮುಗಿದ ಮೇಲೆ ಇನ್ನೊಮ್ಮೆ ತೂಗಿ. 100 ಗ್ರಾಂ ಮಣಿಗೆ 120 ರೂಪಾಯಿ ಕೊಟ್ಟಿದ್ದು 40 ಗ್ರಾಂ ಖರ್ಚಾಗಿದ್ದರೆ ಆ ಬ್ಲೌಸ್‌ಗೆ ಬಿದ್ದದ್ದು 48 ರೂಪಾಯಿ. ಮೂರು ನಾಲ್ಕು ಬ್ಲೌಸ್‌ಗೆ ಹೀಗೆ ಮಾಡಿದರೆ ಆಮೇಲೆ ಕಣ್ಣಂದಾಜೇ ಸಾಕಾಗುತ್ತದೆ. ಕೆಳಗೆ ಚೆಲ್ಲುವ ಮಣಿ, ತುಂಡಾಗುವ ದಾರ, ಒಡೆಯುವ ಕಟ್‌ದಾನಕ್ಕೆ ಅಂತ ಶೇಕಡ 10 ಸೇರಿಸಿಕೊಳ್ಳಿ. ಫ್ಯಾಬ್ರಿಕ್ ಗಮ್, ಟ್ರೇಸಿಂಗ್ ಹಾಳೆ, ಕೊಡುವಾಗ ಹಾಕುವ ಕವರ್ ಇವೂ ಸಾಮಾನೇ.

ಕೆಲವರು ‘ಸಾಮಾನಿಗೆ ಎಷ್ಟಾಯಿತೋ ಅದರ ಮೂರು ಪಟ್ಟು’ ಅನ್ನುವ ಸೂತ್ರ ಇಟ್ಟುಕೊಂಡಿರುತ್ತಾರೆ. ಇದು ಎಲ್ಲಿ ಕೈಕೊಡುತ್ತದೆ ನೋಡಿ. ದೊಡ್ಡ ಕುಂದನ್ ಅಂಟಿಸಿ ಸುತ್ತ ಜರಿ ಎಳೆಯುವ ಕೆಲಸದಲ್ಲಿ ಸಾಮಾನು ಜಾಸ್ತಿ, ಸಮಯ ಕಡಿಮೆ. ಧಾರವಾಡ ಕಡೆಯ ಕಸೂತಿಯಲ್ಲಿ ಇದು ಪೂರಾ ತಿರುಗಾಮುರುಗಾ. ಗವಂತಿ, ಮುರ್ಗಿ, ನೇಗಿ, ಮೆಂತೆ ಅನ್ನುವ ನಾಲ್ಕು ಬಗೆಯ ಹೊಲಿಗೆ ಅದರಲ್ಲಿವೆ. ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳದೆ ಎಳೆ ಎಣಿಸಿ ಎಣಿಸಿ ಹಾಕಬೇಕು. ಗವಂತಿ, ಮುರ್ಗಿ ಹೊಲಿಗೆಗಳು ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಗಂಟು ಕಾಣಬಾರದು. ಬೇಕಾಗುವುದು ದಾರ ಮತ್ತು ಸೂಜಿ ಅಷ್ಟೇ. ದಾರಕ್ಕೆ 100 ರೂಪಾಯಿ ಖರ್ಚಾಗಿ ಕೆಲಸಕ್ಕೆ 30 ಗಂಟೆ ಹಿಡಿದಿದ್ದರೆ ಮೂರು ಪಟ್ಟಿನ ಸೂತ್ರ 300 ರೂಪಾಯಿ ಅನ್ನುತ್ತದೆ. ಗಂಟೆಗೆ ಏಳು ರೂಪಾಯಿಯೂ ಸಿಗುವುದಿಲ್ಲ.

ನಾವು ಮಾರುತ್ತಿರುವುದು ಮುಖ್ಯವಾಗಿ ಸಮಯ. ಹಾಗಾಗಿ ಲೆಕ್ಕವೂ ಅಲ್ಲಿಂದಲೇ ಶುರುವಾಗಬೇಕು.

ನಿಮ್ಮ ಒಂದು ಗಂಟೆಯ ಬೆಲೆ ಎಷ್ಟು?

ರಾಜಾಜಿನಗರದಲ್ಲಿ ಮನೆಯಲ್ಲೇ ಆರಿ ಕೆಲಸ ಮಾಡುವ ಒಬ್ಬ ಅಕ್ಕನನ್ನು ಊಹಿಸಿಕೊಳ್ಳಿ. ತಿಂಗಳಿಗೆ 20,000 ರೂಪಾಯಿ ಸಂಪಾದನೆ ಆಗಬೇಕು ಅನ್ನುವುದು ಅವರ ಆಸೆ. ದಿನಕ್ಕೆ 8 ಗಂಟೆಯಂತೆ 30 ದಿನ ಅಂದರೆ 240 ಗಂಟೆ. 20,000ವನ್ನು 240ರಿಂದ ಭಾಗಿಸಿದರೆ ಗಂಟೆಗೆ 83 ರೂಪಾಯಿ. ಸರಿಯಾಗಿಯೇ ಕಾಣುತ್ತದೆ, ಅಲ್ವಾ?

ಇದರಲ್ಲಿ ಮೂರು ತಪ್ಪುಗಳಿವೆ.

ಮೊದಲನೆಯದು ಮೇಲ್ಖರ್ಚು. ಈ ಅಕ್ಕನ ಮನೆಯ ಬಾಡಿಗೆಯಲ್ಲಿ ಕೆಲಸದ ಕೋಣೆಯ ಪಾಲು 3,000 ಅಂತ ಇಟ್ಟುಕೊಳ್ಳೋಣ. ಕರೆಂಟು 500. ಫೋನು, ಇಂಟರ್ನೆಟ್ಟು 400. ಓಡಾಟ 800. ಫ್ರೇಮು, ಸೂಜಿ, ದೀಪ, ಕತ್ತರಿ ಸವೆಯುವುದಕ್ಕೆ 800. ಚಿಲ್ಲರೆ ಖರ್ಚು 500. ಒಟ್ಟು 6,000. ಸ್ವಂತ ಮನೆ ಇದ್ದರೂ ಕೋಣೆಯ ಪಾಲು ಬಿಡಬೇಡಿ. ಆ ಕೋಣೆಯನ್ನು ಬೇರೆ ಯಾರಿಗಾದರೂ ಕೊಟ್ಟಿದ್ದರೆ ಬಾಡಿಗೆ ಬರುತ್ತಿತ್ತು.

ಕರೆಂಟಿನ ವಿಷಯಕ್ಕೆ ಒಂದು ಮಾತು. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ತುಂಬಾ ಮನೆಗಳಿಗೆ ಬಿಲ್ ಸೊನ್ನೆ ಬರುತ್ತಿದೆ. ಅದನ್ನು ನೋಡಿ ಕರೆಂಟನ್ನು ಲೆಕ್ಕದಿಂದಲೇ ತೆಗೆದುಬಿಡುತ್ತಾರೆ. ಆ ಯೋಜನೆ ಮನೆ ಬಳಕೆಗೆ ಮಾತ್ರ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದೊಡ್ಡ ದೀಪ, ಇಸ್ತ್ರಿ ಪೆಟ್ಟಿಗೆ, ಮೆಷಿನ್ ಸೇರಿದ ಮೇಲೆ ಬಳಕೆ ಏರುತ್ತದೆ. ಕೆಲಸಕ್ಕೆ ಅಂತ ವಾಣಿಜ್ಯ ಮೀಟರ್ ತಗೊಂಡವರಿಗೆ ಈ ಸೌಲಭ್ಯ ಇಲ್ಲ. ಇವತ್ತು ಬಿಲ್ ಬರದಿದ್ದರೂ ಆ 500 ರೂಪಾಯಿ ಬೆಲೆಯಲ್ಲಿ ಇರಲಿ.

ಎರಡನೆಯ ತಪ್ಪು ದೊಡ್ಡದು. ಅದು ಗಂಟೆಗಳ ಲೆಕ್ಕದಲ್ಲಿದೆ. ಆಟೋ ಓಡಿಸುವವರನ್ನು ನೆನೆಸಿಕೊಳ್ಳಿ. ಬೆಳಗ್ಗೆಯಿಂದ ರಾತ್ರಿವರೆಗೆ ರಸ್ತೆಯಲ್ಲೇ ಇರುತ್ತಾರೆ. ಮೀಟರ್ ಓಡುವುದು ಗಿರಾಕಿ ಕೂತಾಗ ಮಾತ್ರ. ಖಾಲಿ ತಿರುಗಿದ್ದು, ಗ್ಯಾಸ್ ಬಂಕಿನಲ್ಲಿ ಕಾದದ್ದು, ಮನೆ ಕಡೆ ಖಾಲಿ ಬಂದದ್ದು ಯಾವುದಕ್ಕೂ ದುಡ್ಡಿಲ್ಲ. ಮೀಟರ್ ಓಡಿದ ಹೊತ್ತಿನ ಸಂಪಾದನೆಯಲ್ಲೇ ಖಾಲಿ ಓಡಿದ ಹೊತ್ತೂ ತುಂಬಬೇಕು.

ನಮ್ಮಲ್ಲಿ ಸೂಜಿ ಓಡುವ ಹೊತ್ತೇ ಮೀಟರ್. ಈ ಅಕ್ಕ ನಿಜವಾಗಿ ಕೆಲಸಕ್ಕೆ ಕೂರುವುದು ತಿಂಗಳಿಗೆ 25 ದಿನ, ದಿನಕ್ಕೆ 7 ಗಂಟೆ. ಅಂದರೆ 175 ಗಂಟೆ. ಇದರಲ್ಲಿ ವಾರಕ್ಕೊಮ್ಮೆ ಚಿಕ್ಕಪೇಟೆಗೆ ಹೋಗಿ ಬರುವುದಕ್ಕೆ ನಾಲ್ಕು ನಾಲ್ಕು ಗಂಟೆ. ನಾಲ್ಕು ವಾರಕ್ಕೆ 16. ಗಿರಾಕಿಗಳ ಜೊತೆ ಮಾತು, ಅಳತೆ, ವಾಟ್ಸಾಪ್‌ನಲ್ಲಿ ಡಿಸೈನ್ ಕಳಿಸುವುದು ದಿನಕ್ಕೊಂದು ಗಂಟೆ. 25 ದಿನಕ್ಕೆ 25. ಲೆಕ್ಕ ಬರೆಯುವುದು, ತಪ್ಪಾದದ್ದನ್ನು ಬಿಚ್ಚಿ ಮತ್ತೆ ಹಾಕುವುದು, ಸ್ಯಾಂಪಲ್ ಮಾಡುವುದಕ್ಕೆ 24. ಒಟ್ಟು 65 ಗಂಟೆ ಹೋಯಿತು. ಉಳಿದದ್ದು 110.

ಈಗ 20,000 ಸಂಪಾದನೆಗೆ 6,000 ಮೇಲ್ಖರ್ಚು ಸೇರಿಸಿ. 26,000. ಅದನ್ನು 110ರಿಂದ ಭಾಗಿಸಿದರೆ ಗಂಟೆಗೆ 236 ರೂಪಾಯಿ. ಎಂಬತ್ಮೂರು ಎಲ್ಲಿ, ಇನ್ನೂರ ಮೂವತ್ತಾರು ಎಲ್ಲಿ!

ಮೂರನೆಯದು ಪಂಚಾಂಗದ ವಿಷಯ. ಆಷಾಢದಲ್ಲಿ ಮದುವೆ ಇಲ್ಲ. ಧನುರ್ಮಾಸದಲ್ಲಿ ಇಲ್ಲ. ಶ್ರಾವಣ ಬರುತ್ತಿದ್ದ ಹಾಗೆ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ಎಲ್ಲರಿಗೂ ಒಟ್ಟಿಗೇ ಬ್ಲೌಸ್ ಬೇಕು. ಆದರೆ ಬಾಡಿಗೆ ಆಷಾಢ ನೋಡಿ ಕಡಿಮೆಯಾಗುವುದಿಲ್ಲ. ಆದ್ದರಿಂದ ಲೆಕ್ಕ ತಿಂಗಳಿಗೆ ಹಾಕುವುದಕ್ಕಿಂತ ವರ್ಷಕ್ಕೆ ಹಾಕುವುದು ಸರಿ. ಹನ್ನೆರಡು ತಿಂಗಳಿಗೆ 1,320 ಸೂಜಿ ಗಂಟೆ. ಎರಡು ತಿಂಗಳು ಅರ್ಧ ಕೆಲಸ ಅಂದರೆ 110 ಗಂಟೆ ಕಳೆಯಿರಿ. 1,210 ಗಂಟೆ ಉಳಿಯಿತು. ವರ್ಷಕ್ಕೆ ಬೇಕಾದ ದುಡ್ಡು 26,000 ಗುಣಿಸು 12, ಅಂದರೆ 3,12,000. ಭಾಗಿಸಿದರೆ 258. ಸುಲಭಕ್ಕೆ 260 ಇಟ್ಟುಕೊಳ್ಳೋಣ.

ಈ 260 ರೂಪಾಯಿಯೇ ಅವರ ಗಂಟೆಯ ದರ. ಗಿರಾಕಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಅವರಿಗೆ ಗೊತ್ತಿರಲೇಬೇಕು.

ಒಂದು ಬ್ಲೌಸ್‌ಗೆ ಹಾಕಿ ನೋಡೋಣ

ಎರಡು ತೋಳಿಗೆ ಬಾರ್ಡರ್, ಬೆನ್ನಿನ ಕತ್ತಿಗೆ ಸ್ವಲ್ಪ ತುಂಬು ಕೆಲಸ. ಸಾಮಾನು ವೇಸ್ಟೂ ಸೇರಿ 500 ರೂಪಾಯಿ. ಡಿಸೈನ್ ಇಳಿಸಿ ಫ್ರೇಮಿಗೆ ಬಟ್ಟೆ ಬಿಗಿಯುವುದಕ್ಕೆ 1 ಗಂಟೆ, ಸೂಜಿ ಕೆಲಸ 10 ಗಂಟೆ, ಹಿಂದಿನ ದಾರ ಕತ್ತರಿಸಿ ಗಮ್ ಹಚ್ಚಿ ಶುಚಿ ಮಾಡುವುದಕ್ಕೆ 1 ಗಂಟೆ. ಒಟ್ಟು 12 ಗಂಟೆ.

ಗಂಟೆಗೆ 260ರಂತೆ 12 ಗಂಟೆಗೆ 3,120. ಸಾಮಾನು ಸೇರಿದರೆ 3,620. ಇದು ಅಸಲು. ಇದರ ಮೇಲೆ ಶೇಕಡ 15 ಲಾಭ ಅಂದರೆ 543. ಬೆಲೆ 4,163. ಕೂಲಿ ಆಗಲೇ ಬಂದಿದೆಯಲ್ಲ, ಈ 543 ಯಾಕೆ ಅಂತ ಕೇಳಬಹುದು. ಮುಂದೊಂದು ದಿನ ದೊಡ್ಡ ಫ್ರೇಮ್ ಕೊಳ್ಳಬೇಕು, ಕೈಕೆಳಗೆ ಒಬ್ಬರನ್ನು ಇಟ್ಟುಕೊಳ್ಳಬೇಕು, ಗಿರಾಕಿ ದುಡ್ಡು ಕೊಡದೆ ಹೋಗಬಹುದು. ಅದಕ್ಕೆಲ್ಲ ಈ ಹಣ ಬೇಕು.

ಈಗ ಇದೇ ಬ್ಲೌಸನ್ನು “ಎಲ್ಲರೂ ಅಷ್ಟಕ್ಕೇ ಮಾಡ್ತಾರೆ” ಅಂತ 1,500ಕ್ಕೆ ಒಪ್ಪಿಕೊಂಡರೆ ಏನಾಗುತ್ತದೆ? ಸಾಮಾನು 500 ಕಳೆದರೆ 1,000. 12 ಗಂಟೆಗೆ ಹಂಚಿದರೆ ಗಂಟೆಗೆ 83. ಇದರಲ್ಲಿ ಮೇಲ್ಖರ್ಚೇ ಗಂಟೆಗೆ ಸುಮಾರು 60 ರೂಪಾಯಿ (ವರ್ಷದ 72,000ವನ್ನು 1,210 ಗಂಟೆಗೆ ಹಂಚಿದ್ದು). ಕೈಗೆ ಉಳಿದದ್ದು 23. ವರ್ಷವಿಡೀ ಇದೇ ಬೆಲೆಗೆ ದುಡಿದರೆ ತಿಂಗಳಿಗೆ ಬರುವುದು ಸುಮಾರು 2,300 ರೂಪಾಯಿ. ಕತ್ತು ನೋವು, ಕಣ್ಣು ಉರಿ ಇಟ್ಟುಕೊಂಡು ದಿನಕ್ಕೆ ಏಳು ಗಂಟೆ ಕೂತು 2,300. ಕೆಲಸ ಚೆನ್ನಾಗಿ ಬಲ್ಲವರು ಒಂದೆರಡು ವರ್ಷಕ್ಕೇ ಫ್ರೇಮ್ ಬಿಚ್ಚಿ ಅಟ್ಟಕ್ಕೆ ಹಾಕಿಬಿಡುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಸೋತದ್ದು ಬೆಲೆಯಲ್ಲಿ, ಅವರು ಮಾತ್ರ ತಮಗೆ ವ್ಯಾಪಾರ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಅದು ನನಗೆ ಬಹಳ ಬೇಸರದ ವಿಷಯ.

ಎಷ್ಟು ಗಂಟೆ ಹಿಡಿಯುತ್ತದೆ ಅಂತ ಮೊದಲೇ ಹೇಗೆ ತಿಳಿಯುವುದು?

ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಫೋನಿನಲ್ಲಿರುವ ಫೋಟೋ ನೋಡಿ ಗಂಟೆ ಊಹಿಸಬೇಕು. ಇಡೀ ಬ್ಲೌಸ್ ಊಹಿಸಲು ಹೋದರೆ ತಪ್ಪುತ್ತದೆ. ಸಣ್ಣ ಸಣ್ಣ ತುಂಡು ಮಾಡಿಕೊಂಡರೆ ಸುಲಭ.

ಒಂದು ಬುಟ್ಟಾ ಹಾಕಲು ಎಷ್ಟು ನಿಮಿಷ ಅಂತ ಫೋನಿನಲ್ಲಿ ಸಮಯ ನೋಡಿ ಬರೆದಿಡಿ. ಮೊದಲನೇ ಬುಟ್ಟಾ ಬೇಡ. ಐದಾರು ಹಾಕಿ ಕೈ ಕೂತ ಮೇಲೆ ನೋಡಿ. ಹಾಗೆಯೇ ಒಂದು ಇಂಚು ಬಾರ್ಡರ್‌ಗೆ, ಒಂದು ಎಲೆ ತುಂಬುವುದಕ್ಕೆ, ಒಂದು ನವಿಲಿಗೆ ಎಷ್ಟು ಅಂತ ಬರೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಸಾಲು ಇದ್ದರೆ ಯಾವ ಡಿಸೈನ್ ಬಂದರೂ ಕೂಡಿಸಿ ಹೇಳಬಹುದು.

ಬುಟ್ಟಾಗೆ 12 ನಿಮಿಷ ಅಂದರೆ 40 ಬುಟ್ಟಾಗೆ 8 ಗಂಟೆ. ಇಲ್ಲಿ ಒಂದು ವಿಷಯ ತಾನಾಗಿಯೇ ತಿಳಿಯುತ್ತದೆ. ಒಪ್ಪಿ ಹೋದ ಗಿರಾಕಿ ಎರಡು ದಿನ ಬಿಟ್ಟು ಫೋನ್ ಮಾಡಿ “ತೋಳು ಸ್ವಲ್ಪ ಖಾಲಿ ಕಾಣ್ತಿದೆ, ಇನ್ನೊಂದಿಪ್ಪತ್ತು ಬುಟ್ಟಾ ಹಾಕಿಬಿಡಿ” ಅನ್ನುತ್ತಾರೆ. ಸುಮ್ನೆ ಹಾಕಿಕೊಟ್ಟರೆ ಆಯಿತು ಅನ್ನಿಸುತ್ತದೆ. ಆ ಇಪ್ಪತ್ತು ಬುಟ್ಟಾ ಅಂದರೆ 4 ಗಂಟೆ, 1,040 ರೂಪಾಯಿ. ಗಿರಾಕಿಗೆ ಇದು ಗೊತ್ತಿರುವುದಿಲ್ಲ. ಅವರ ಮಟ್ಟಿಗೆ ಅದು ಇಪ್ಪತ್ತು ಚುಕ್ಕಿ. “ಖಂಡಿತ ಹಾಕೋಣ ಮೇಡಂ, ಒಂದಕ್ಕೆ ಇಷ್ಟಾಗತ್ತೆ” ಅಂದರೆ ಎಷ್ಟು ಬೇಕು ಅಂತ ಅವರೇ ತೀರ್ಮಾನಿಸುತ್ತಾರೆ.

ಮೆಷಿನ್ ಎಂಬ್ರಾಯ್ಡರಿಯ ಲೆಕ್ಕ ಯಾಕೆ ಬೇರೆ?

ಕಂಪ್ಯೂಟರ್ ಎಂಬ್ರಾಯ್ಡರಿಯಲ್ಲಿ ಬೆಲೆಯ ಅಳತೆ ಹೊಲಿಗೆಗಳ ಎಣಿಕೆ. ಡಿಸೈನನ್ನು ಮೆಷಿನ್‌ಗೆ ಅರ್ಥವಾಗುವ ಫೈಲ್ ಮಾಡುವುದಕ್ಕೆ ಪಂಚಿಂಗ್ ಅನ್ನುತ್ತಾರೆ. ಒಂದು ಲೋಗೋದಲ್ಲಿ ಎಷ್ಟು ಸಾವಿರ ಸ್ಟಿಚ್ ಇದೆ ಅಂತ ಆ ಫೈಲೇ ಹೇಳುತ್ತದೆ. ಹಾಗಾಗಿ ಊಹೆ ಕಡಿಮೆ.

ಲೋಗೋಗೆ 8,000 ಸ್ಟಿಚ್ ಇದೆ, ಮೆಷಿನ್ ನಿಮಿಷಕ್ಕೆ 800 ಹಾಕುತ್ತದೆ ಅಂದರೆ 10 ನಿಮಿಷ. ದಾರ ತುಂಡಾಗುವುದು, ಬಣ್ಣ ಬದಲಾಗುವುದು ಸೇರಿ 12. ಬಟ್ಟೆಗೆ ಬ್ಯಾಕಿಂಗ್ ಪೇಪರ್ ಇಟ್ಟು ಫ್ರೇಮಿಗೆ ಹಾಕಿ, ಮುಗಿದ ಮೇಲೆ ತೆಗೆದು ದಾರ ಕತ್ತರಿಸುವುದಕ್ಕೆ 3. ಒಟ್ಟು ಕಾಲು ಗಂಟೆ.

ಇಲ್ಲಿ ಗಂಟೆಯ ದರಕ್ಕೆ ಮೆಷಿನ್ ಸವಕಳಿಯೂ ಸೇರಬೇಕು. ಸವಕಳಿ ಅಂದರೆ ಮೆಷಿನ್ ಹಳೆಯದಾಗಿ ಅದರ ಬೆಲೆ ಕರಗುವುದು. 4,00,000ದ ಮೆಷಿನ್ 5 ವರ್ಷ ಚೆನ್ನಾಗಿ ಓಡುತ್ತದೆ ಅಂದರೆ 60 ತಿಂಗಳು, ತಿಂಗಳಿಗೆ 6,667. ಸಾಲ ಮಾಡಿ ತಂದಿದ್ದರೆ ಕಂತು ಮತ್ತು ಸವಕಳಿ ಎರಡನ್ನೂ ಪೂರ್ತಿ ಸೇರಿಸಬೇಡಿ. ಒಂದೇ ಮೆಷಿನ್‌ನ ದುಡ್ಡು ಎರಡು ಸಲ ಬಂದಂತಾಗುತ್ತದೆ. ಸವಕಳಿ ಮತ್ತು ಬಡ್ಡಿ ಸಾಕು. ಸಬ್ಸಿಡಿಯಲ್ಲೋ ಯೋಜನೆಯಲ್ಲೋ ಮೆಷಿನ್ ಸಿಕ್ಕಿದ್ದರೂ ಸವಕಳಿ ಹಾಕಿ. ಅದು ಕೆಟ್ಟ ದಿನ ಹೊಸದನ್ನು ನಿಮ್ಮ ದುಡ್ಡಿನಲ್ಲೇ ತರಬೇಕು.

ಎಲ್ಲ ಸೇರಿ ಮೆಷಿನ್ ಗಂಟೆಗೆ 350 ಅಂತ ಬಂತು ಅಂದುಕೊಳ್ಳಿ. ಕಾಲು ಗಂಟೆಗೆ 87 ರೂಪಾಯಿ 50 ಪೈಸೆ. ದಾರ, ಪೇಪರ್‌ಗೆ 6 ರೂಪಾಯಿ 50 ಪೈಸೆ. ಒಂದು ಪೀಸ್‌ಗೆ 94. ಇದರ ಜೊತೆ ಒಂದೇ ಸಲ ಆಗುವ ಖರ್ಚು ಇದೆ. ಪಂಚಿಂಗ್ 400. ದಾರ ಬದಲಿಸಿ ಸ್ಯಾಂಪಲ್ ಓಡಿಸಿ ನೋಡುವುದಕ್ಕೆ ಅರ್ಧ ಗಂಟೆ, 175. ಒಟ್ಟು 575.

ಒಂದೇ ಒಂದು ಟೀ ಶರ್ಟ್ ತಂದವರಿಗೆ 575ಕ್ಕೆ 94 ಸೇರಿ 669 ಅಸಲು. ಐವತ್ತು ತಂದವರಿಗೆ 575 ಐವತ್ತು ಪಾಲಾಗಿ ತಲಾ 11 ರೂಪಾಯಿ 50 ಪೈಸೆ. ಒಂದಕ್ಕೆ 105 ರೂಪಾಯಿ 50 ಪೈಸೆ. ಕೆಲಸ ಅದೇ, ಲೋಗೋ ಅದೇ. ಆಟೋದಲ್ಲಿ ಕನಿಷ್ಠ ಬಾಡಿಗೆ ಇರುವುದು ಇದೇ ಕಾರಣಕ್ಕೆ. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ ನಿಗದಿಯಾಗಿದೆ. ಅರ್ಧ ಕಿಲೋಮೀಟರ್ ಹೋದರೂ ಅಷ್ಟೇ. ನೀವೂ ಒಂದು ಕನಿಷ್ಠ ದರ ಇಟ್ಟುಕೊಳ್ಳಬಹುದು.

ದೊಡ್ಡ ಯೂನಿಟ್‌ನವರು ಇದಕ್ಕಿಂತ ಬಹಳ ಕಡಿಮೆಗೆ ಕೊಡುತ್ತಾರೆ. ಅವರ ಮೆಷಿನ್‌ಗೆ ಹನ್ನೆರಡೋ ಇಪ್ಪತ್ತೋ ತಲೆ (ಹೊಲಿಯುವ ಭಾಗ) ಇರುತ್ತವೆ. ಅದೇ ಹತ್ತು ನಿಮಿಷದಲ್ಲಿ ಇಪ್ಪತ್ತು ಲೋಗೋ ಆಗುತ್ತದೆ. ಒಂದು ತಲೆಯ ಮೆಷಿನ್ ಇಟ್ಟುಕೊಂಡು ಸಾವಿರ ಪೀಸ್ ಆರ್ಡರ್‌ಗೆ ಅವರ ಜೊತೆ ಪೈಪೋಟಿ ಮಾಡಲಾಗದು. ಮಗುವಿನ ಹೆಸರು ಹಾಕಿದ ಟವೆಲ್, ಹತ್ತೇ ಏಪ್ರನ್, ಮನೆಯವರಿಗೆಲ್ಲ ಒಂದೊಂದು ಹೆಸರಿನ ಶರ್ಟು ಇಂಥ ಚಿಕ್ಕ ಕೆಲಸ ದೊಡ್ಡ ಯೂನಿಟ್‌ಗೆ ಗಿಟ್ಟುವುದಿಲ್ಲ. ಅದು ನಿಮ್ಮದು.

“ಸ್ವಲ್ಪ ನೋಡಿ ಮಾಡಿ ಅಕ್ಕ”

ಚೌಕಾಸಿ ಮಾಡುವುದು ತಪ್ಪಲ್ಲ. ನಾವೂ ತರಕಾರಿ ಅಂಗಡಿಯಲ್ಲಿ ಮಾಡುತ್ತೇವೆ. ಆದರೆ ಶೇಕಡದ ಲೆಕ್ಕದಲ್ಲಿ ಒಂದು ಮೋಸದ ತಿರುವು ಇದೆ.

3,620 ಅಸಲಿಗೆ ಶೇಕಡ 15 ಸೇರಿಸಿ 4,163 ಮಾಡಿದ್ದೆವು. ಗಿರಾಕಿ ಶೇಕಡ 15 ಬಿಡಿ ಅಂದರೆ ನಮ್ಮ ಲಾಭ ಬಿಟ್ಟರೆ ಆಯಿತಲ್ಲ ಅನ್ನಿಸುತ್ತದೆ. 4,163ರ ಶೇಕಡ 15 ಅಂದರೆ 624. ಕಳೆದರೆ 3,539. ಅಸಲಿಗಿಂತ 81 ರೂಪಾಯಿ ಕೆಳಗೆ ಹೋಯಿತು! ಸೇರಿಸಿದ್ದು ಚಿಕ್ಕ ಮೊತ್ತದ ಮೇಲೆ, ಬಿಟ್ಟದ್ದು ದೊಡ್ಡ ಮೊತ್ತದ ಮೇಲೆ. ಅದಕ್ಕೇ ಎರಡೂ ಹದಿನೈದೇ ಆದರೂ ಸಮವಾಗುವುದಿಲ್ಲ. ಬಿಡುವುದಾದರೆ ರೂಪಾಯಿ ಲೆಕ್ಕದಲ್ಲಿ ಬಿಡಿ, 543ರ ಒಳಗೆ.

ಇನ್ನೂ ಒಳ್ಳೆಯ ದಾರಿ ಕೆಲಸ ಕಡಿಮೆ ಮಾಡುವುದು. “ನನ್ನ ಹತ್ರ ಮೂರು ಸಾವಿರ ಇದೆ” ಅಂದರೆ “ಬೆನ್ನಿನ ತುಂಬು ಕೆಲಸ ಬಿಟ್ಟು ಗೆರೆ ಮಾತ್ರ ಎಳೆಯೋಣ, ತೋಳು ಹೀಗೇ ಇರಲಿ” ಅನ್ನಬಹುದು. ಗಿರಾಕಿಯ ದುಡ್ಡಿಗೆ ತಕ್ಕ ಬ್ಲೌಸ್ ಸಿಗುತ್ತದೆ. ನಿಮ್ಮ ಗಂಟೆಯ ದರ ಹಾಗೇ ಇರುತ್ತದೆ.

“ಬೇರೆ ಕಡೆ 1,200ಕ್ಕೆ ಮಾಡ್ತಾರೆ” ಅನ್ನುವ ಮಾತು ಬಂದೇ ಬರುತ್ತದೆ. ಅದು ನಿಜವೂ ಇರಬಹುದು. ಅಲ್ಲಿ ಮೆಷಿನ್ ಕೆಲಸ ಇರಬಹುದು. ಹತ್ತು ಜನ ಸೇರಿ ಕೂತು ಮಾಡುವ ಕಾರ್ಖಾನೆ ಇರಬಹುದು. ಲೆಕ್ಕ ಹಾಕದವರೂ ಇರಬಹುದು. ನಿಮ್ಮ ಲೆಕ್ಕದಿಂದ ಬರುವುದು ನೆಲ, ಅದಕ್ಕಿಂತ ಕೆಳಗೆ ಇಳಿಯಬಾರದು. ಗಿರಾಕಿ ಕೊಡಲು ಒಪ್ಪುವ ಗರಿಷ್ಠ ಬೆಲೆ ಚಾವಣಿ. ಚಾವಣಿ ನೆಲಕ್ಕಿಂತ ಕೆಳಗಿದ್ದರೆ ಆ ಗಿರಾಕಿಗೆ ಆ ಕೆಲಸ ಮಾಡಲಾಗದು, ಅಷ್ಟೇ. ಮದುಮಗಳ ಬ್ಲೌಸ್‌ಗೆ ಚಾವಣಿ ಎತ್ತರ ಇರುತ್ತದೆ. ದಿನಬಳಕೆಯ ಹತ್ತಿ ಬ್ಲೌಸ್‌ಗೆ ಇರುವುದಿಲ್ಲ. ಯಾವ ಕೆಲಸಕ್ಕೂ ಚಾವಣಿ ಸಿಗುತ್ತಿಲ್ಲ ಅಂದರೆ ಗಂಟೆ ಇಳಿಸುವ ದಾರಿ ಹುಡುಕಬೇಕು. ಒಂದೇ ಡಿಸೈನನ್ನು ಬೇರೆ ಬಣ್ಣದಲ್ಲಿ ಮಾಡಿದರೆ ಕೈ ಬೇಗ ಓಡುತ್ತದೆ. ಎರಡು ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋದರೆ ತಿಂಗಳಿಗೆ 8 ಗಂಟೆ ಉಳಿಯುತ್ತದೆ. ಸೀರೆಗೆ ಕುಚ್ಚು ಕಟ್ಟುವಂಥ ಚಿಕ್ಕ ಕೆಲಸವನ್ನು ಬಿಡುವಿನ ತಿಂಗಳಿಗೆ ಇಟ್ಟುಕೊಳ್ಳಬಹುದು.

ಬೊಟೀಕ್‌ಗೆ ಮಾಡಿಕೊಡುವಾಗ ದರ ಸ್ವಲ್ಪ ಇಳಿಸಿದರೂ ನಷ್ಟವಿಲ್ಲ. ಗಿರಾಕಿ ಜೊತೆಗಿನ ಮಾತು, ಅಳತೆ, ಫೋನು ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಆ ಹೊತ್ತೂ ಸೂಜಿಗೆ ಸಿಗುತ್ತದೆ.

ಅರ್ಜೆಂಟು, ಅಡ್ವಾನ್ಸು, ಹಾಳಾದ ಬಟ್ಟೆ

ರಾತ್ರಿ 10ರ ಮೇಲೆ ಆಟೋಗೆ ಒಂದೂವರೆ ಪಟ್ಟು ಬಾಡಿಗೆ. ಮೂರು ದಿನದಲ್ಲಿ ಬೇಕು ಅನ್ನುವ ಬ್ಲೌಸ್‌ಗೂ ಹೆಚ್ಚು ಕೇಳುವುದು ನ್ಯಾಯವೇ. ನೀವು ನಿದ್ದೆ ಕೆಡುತ್ತೀರಿ, ಇನ್ನೊಬ್ಬರ ಕೆಲಸ ಹಿಂದೆ ಹಾಕುತ್ತೀರಿ. ಎಷ್ಟು ಹೆಚ್ಚು ಅನ್ನುವುದನ್ನು ಮೊದಲೇ ಬರೆದಿಟ್ಟುಕೊಂಡರೆ ಮುಖ ನೋಡಿ ಹೇಳುವ ಮುಜುಗರ ಇರುವುದಿಲ್ಲ.

ಅಡ್ವಾನ್ಸ್ ಕಡೇಪಕ್ಷ ಸಾಮಾನಿನ ಖರ್ಚು ಮತ್ತು ಅರ್ಧ ಕೂಲಿಯಷ್ಟು ಇರಲಿ. ಗಿರಾಕಿಯ ಅಳತೆಗೆ, ಅವರ ಸೀರೆಯ ಬಣ್ಣಕ್ಕೆ ಮಾಡಿದ ಬ್ಲೌಸನ್ನು ಇನ್ನೊಬ್ಬರಿಗೆ ಮಾರಲು ಆಗುವುದಿಲ್ಲ.

ರೇಷ್ಮೆ ಬಟ್ಟೆಗೆ ಗಮ್ ಕಲೆ ಆಗಬಹುದು, ಕತ್ತರಿ ತಾಗಬಹುದು. ಮೂವತ್ತು ಬ್ಲೌಸ್‌ನಲ್ಲಿ ಒಂದು ಹೀಗಾಗಿ 1,500 ರೂಪಾಯಿ ಕೈಯಿಂದ ಕೊಡಬೇಕಾಗುತ್ತದೆ ಅಂದರೆ ಪ್ರತಿ ಬ್ಲೌಸ್‌ನಿಂದ 50 ರೂಪಾಯಿ ಬೇರೆ ಡಬ್ಬಿಗೆ ಹಾಕಿಡಬೇಕು. ಬೆಲೆಯಲ್ಲಿ ಅದೂ ಸೇರಿರಲಿ.

ಜಿಎಸ್‌ಟಿ ನನಗೂ ಬರುತ್ತದಾ?

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ಕ್ಯಾಶ್ ಮಾತ್ರ ಅಂತ ಬರೆದು ಹಾಕಿದವು. ಮನೆಯಲ್ಲಿ ಕೆಲಸ ಮಾಡುವವರಿಗೂ ಭಯ ಹತ್ತಿತು.

ನಿಯಮ ಹೀಗಿದೆ. ಕರ್ನಾಟಕದಲ್ಲಿ ವಸ್ತು ಮಾತ್ರ ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಬೇಕು. ಗಿರಾಕಿ ತಂದ ಬಟ್ಟೆಯ ಮೇಲೆ ಕೆಲಸ ಮಾಡಿಕೊಡುವುದು ಕಾನೂನಿನ ಪ್ರಕಾರ ಸೇವೆ. ಹಾಗಾಗಿ ನಮಗೆ ಅನ್ವಯಿಸುವುದು 20 ಲಕ್ಷದ ಮಿತಿ. ವಹಿವಾಟು ಅಂದರೆ ಕೆಲಸದಿಂದ, ಮಾರಾಟದಿಂದ ಬಂದ ಒಟ್ಟು ಮೊತ್ತ. ಲಾಭ ಎಷ್ಟು ಅಂತ ಅಲ್ಲಿ ನೋಡುವುದಿಲ್ಲ.

ನಮ್ಮ ರಾಜಾಜಿನಗರದ ಅಕ್ಕ ವರ್ಷಕ್ಕೆ ನೂರು ಬ್ಲೌಸ್ ಮಾಡಿದರೆ ವಹಿವಾಟು ಸುಮಾರು 4 ಲಕ್ಷದ 16 ಸಾವಿರ. ಮಿತಿಯ ಹತ್ತಿರವೂ ಇಲ್ಲ. ಆದರೆ ಚೀಟಿ ದುಡ್ಡು, ತಮ್ಮ ಕಳಿಸಿದ ಸಾಲ, ಬ್ಲೌಸ್ ದುಡ್ಡು ಎಲ್ಲ ಒಂದೇ ಯುಪಿಐ ಖಾತೆಗೆ ಬಂದರೆ ಯಾವುದು ಯಾವುದು ಅಂತ ಆಮೇಲೆ ಹೇಳುವುದು ಕಷ್ಟ. ಕೆಲಸದ ದುಡ್ಡಿಗೆ ಬೇರೆ ಖಾತೆ ಇಟ್ಟುಕೊಳ್ಳಿ. ಬೇರೆ ರಾಜ್ಯಗಳಿಗೆ ಕಳಿಸಿ ಮಾರುವವರು, ಆನ್‌ಲೈನ್ ಕಂಪನಿಗಳ ಮೂಲಕ ಮಾರುವವರು ಒಮ್ಮೆ ತೆರಿಗೆ ಸಲಹೆಗಾರರನ್ನು ಕೇಳುವುದು ಒಳ್ಳೆಯದು. ಅವರಿಗೆ ನಿಯಮ ಬೇರೆ.

ಹಳೆಯ ಗಿರಾಕಿಗೆ ಬೆಲೆ ಏರಿಸುವುದು ಹೇಗೆ?

ಲೆಕ್ಕ ಹಾಕಿದ ಮೇಲೆ ಇಷ್ಟು ದಿನ 1,500 ಹೇಳುತ್ತಿದ್ದವರು ನಾಳೆಯೇ 4,163 ಹೇಳಲು ಆಗುವುದಿಲ್ಲ. ಹೊಸ ಗಿರಾಕಿಗೆ ಹೊಸ ಬೆಲೆಯನ್ನು ಇವತ್ತಿನಿಂದಲೇ ಹೇಳಬಹುದು. ಅವರಿಗೆ ಹಳೆಯದು ಗೊತ್ತಿಲ್ಲ. ಹಳಬರಿಗೆ ಎರಡು ಮೂರು ಮೆಟ್ಟಿಲು ಮಾಡಿ ಏರಿಸಿ. ಸಾಮಾನು, ಮೇಲ್ಖರ್ಚು ಪೂರ್ತಿ ಬರುತ್ತಿಲ್ಲ ಅಂದರೆ ಮೊದಲ ಸಲ ಅದು ಬರಲಿ. ಆಮೇಲೆ ಕೂಲಿ.

ವರ್ಷಕ್ಕೊಮ್ಮೆ ಒಂದು ದಿನ ಗೊತ್ತು ಮಾಡಿಕೊಳ್ಳುವುದು ಅನುಕೂಲ. ಯುಗಾದಿ ಆಗಬಹುದು. ಆ ದಿನ ಬಾಡಿಗೆ, ಜರಿ ಬೆಲೆ, ಗಂಟೆಯ ದರ ಮತ್ತೆ ಕೂಡಿಸಿ ನೋಡಿ. ಬೆಲೆ ಏರುತ್ತದೆ ಅಂತ ಒಂದು ತಿಂಗಳು ಮುಂಚೆಯೇ ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ತಿಳಿಸಿಬಿಡಿ. ಅಷ್ಟರೊಳಗೆ ಅಡ್ವಾನ್ಸ್ ಕೊಟ್ಟು ಚೀಟಿ ಬರೆಸಿಕೊಂಡವರಿಗೆ, ಬ್ಲೌಸ್ ಮುಗಿಯುವುದು ಹಬ್ಬ ಕಳೆದ ಮೇಲೆ ಆದರೂ, ಚೀಟಿಯಲ್ಲಿರುವ ಹಳೆಯ ಬೆಲೆಯೇ.